ಉನ್ನತ ಶಿಕ್ಷಣ: ದಿಲ್ಲಿಯ ಗುರಿ, ಮಂಡ್ಯದ ದಾರಿ

ದೇಶದ 18ರಿಂದ 23ರ ವಯೋಮಾನದ ಯುವಜನರಲ್ಲಿ ಅರ್ಧದಷ್ಟು ಮಂದಿ 2035ರ ಹೊತ್ತಿಗೆ ಉನ್ನತ ಶಿಕ್ಷಣದ ವ್ಯಾಪ್ತಿಗೆ ಬರಬೇಕೆಂಬುದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಗುರಿ. 2021–22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ಈ ದಾಖಲಾತಿ ಪ್ರಮಾಣ ರಾಷ್ಟ್ರಮಟ್ಟದಲ್ಲಿ ಶೇ 28.4 ಇತ್ತು, ಕರ್ನಾಟಕದಲ್ಲಿ ಶೇ 36.2. ಅಂದರೆ ನಮ್ಮ ರಾಜ್ಯ ಗುರಿಗೆ ಇತರ ಅನೇಕ ರಾಜ್ಯಗಳಿಗಿಂತ ಹತ್ತಿರವಿದೆ. ಆದರೆ ಇದೇ ರಾಜ್ಯದಲ್ಲಿ 2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿಯೊಂದು, ಕೆಲವೇ ವರ್ಷಗಳ ಹಿಂದೆ ಹುಟ್ಟಿದ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಂದುವರಿಸುವುದು ಸಾಧ್ಯವಿಲ್ಲವೆಂಬ ನಿಲುವಿಗೆ ಬಂದಿತು. ಮಂಡ್ಯ ವಿಶ್ವವಿದ್ಯಾಲಯ ಆ ಪಟ್ಟಿಯಲ್ಲಿತ್ತು. ದೇಶ ದುಪ್ಪಟ್ಟು ಸೀಟುಗಳ ಮಾತನಾಡುತ್ತಿರುವಾಗ ಜಿಲ್ಲೆಯೊಂದು ಇರುವ ವಿಶ್ವವಿದ್ಯಾಲಯವನ್ನೇ ಕಳೆದುಕೊಳ್ಳುವ ಆತಂಕದಲ್ಲಿರುವುದು ವಿಚಿತ್ರವಾಗಿ ಕಾಣಬಹುದು. ನಮ್ಮಲ್ಲಿ ಗುರಿಯನ್ನು ಒಂದು ಕಚೇರಿ ನಿಗದಿಪಡಿಸುತ್ತದೆ, ಅದರ ವೆಚ್ಚವನ್ನು ಮತ್ತೊಂದು ಕಚೇರಿ ಹೊರಬೇಕಾಗುತ್ತದೆ ಎಂಬುದನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಡಚ್ ಅರ್ಥಶಾಸ್ತ್ರಜ್ಞ ಯಾನ್ ಟಿನ್‌ಬರ್ಗೆನ್ ಹೇಳಿದ ಒಂದು ಸರಳ ನಿಯಮವನ್ನು ಅರ್ಥಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿಗಳು ಓದಿರುತ್ತಾರೆ: ಎಷ್ಟು ಗುರಿಗಳಿವೆಯೋ ಕನಿಷ್ಠ ಅಷ್ಟು ಸಾಧನಗಳು ಸರ್ಕಾರದ ಕೈಯಲ್ಲಿರಬೇಕು. 1948–49ರ ರಾಧಾಕೃಷ್ಣನ್ ಆಯೋಗ, 1964–66ರ ಕೊಠಾರಿ ಆಯೋಗ, 1968 ಮತ್ತು 1986ರ ನೀತಿಗಳು, 2005ರಲ್ಲಿ ರಚನೆಯಾದ ಜ್ಞಾನ ಆಯೋಗ, 2009ರ ಯಶಪಾಲ್ ಸಮಿತಿ, ಕೊನೆಗೆ ಕಸ್ತೂರಿರಂಗನ್ ಸಮಿತಿಯ ಕರಡಿನಿಂದ ರೂಪುಗೊಂಡ 2020ರ ನೀತಿ – ಇವೆಲ್ಲವೂ ಗುರಿಗಳ ವಿಷಯದಲ್ಲಿ ಉದಾರವಾಗಿದ್ದವು. ರಾಷ್ಟ್ರೀಯ ಆದಾಯದ ಶೇ 6ರಷ್ಟನ್ನು ಶಿಕ್ಷಣಕ್ಕೆ ಮೀಸಲಿಡಬೇಕೆಂಬ ಕೊಠಾರಿ ಆಯೋಗದ ಮಾತನ್ನು ಅನಂತರದ ಪ್ರತಿಯೊಂದು ದಾಖಲೆಯೂ ಗೌರವದಿಂದ ಪುನರುಚ್ಚರಿಸಿತು. ದೇಶ ಆ ಮಟ್ಟವನ್ನು ಇಂದಿಗೂ ಮುಟ್ಟಿಲ್ಲ.

ರಾಷ್ಟ್ರೀಯ ಕಾರ್ಯತಂತ್ರವನ್ನು ಜಿಲ್ಲೆಯೊಂದರ ಕಿಟಕಿಯಿಂದ ನೋಡುವುದು ಉಪಯುಕ್ತ. ಮಂಡ್ಯವನ್ನು ಆರಿಸಿಕೊಳ್ಳಲು ಕಾರಣವಿದೆ. ಶಿಕ್ಷಣ ಮತ್ತು ಆರ್ಥಿಕತೆಯ ನಂಟು ಇಲ್ಲಿ ಕಣ್ಣಿಗೆ ಕಾಣುವಷ್ಟು ಸ್ಪಷ್ಟವಾಗಿದೆ. ಕೃಷ್ಣರಾಜಸಾಗರದ ನೀರು 1930ರ ದಶಕದಲ್ಲಿ ಇರ್ವಿನ್ ನಾಲೆಯ ಮೂಲಕ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆಯ ಮೂಲಕ, ಈ ಬಯಲಿಗೆ ಹರಿಯಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಅದರ ಹಿಂದೆ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಅವರ ದುಡಿಮೆಯಿತ್ತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ನೀರು ಬಂದು, ಕಬ್ಬು ಬಂದು, ರೈತನ ಕೈಯಲ್ಲಿ ಒಂದಿಷ್ಟು ನಗದು ಓಡಾಡತೊಡಗಿದ ಮೇಲೆ ಬಂದದ್ದು ಕಾಲೇಜು: 1948ರಲ್ಲಿ ಸರ್ಕಾರಿ ಕಾಲೇಜು, 1962ರಲ್ಲಿ ‘ನಿತ್ಯಸಚಿವ’ರೆಂದೇ ಹೆಸರಾದ ಕೆ.ವಿ. ಶಂಕರಗೌಡರ ಮುಂದಾಳುತನದಲ್ಲಿ ಜನತಾ ಶಿಕ್ಷಣ ಟ್ರಸ್ಟ್‌ನ ಪಿಇಎಸ್ ಎಂಜಿನಿಯರಿಂಗ್ ಕಾಲೇಜು. ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಲ್ಲಿ ಜಿ. ಮಾದೇಗೌಡರು ಕಟ್ಟಿದ ಭಾರತೀ ವಿದ್ಯಾಸಂಸ್ಥೆಗಳು. ಇವರಾರೂ ದಿಲ್ಲಿಯ ಕಾರ್ಯತಂತ್ರಕ್ಕಾಗಿ ಕಾದು ಕುಳಿತವರಲ್ಲ. ಊರಿನ ಮಕ್ಕಳು ಮೈಸೂರಿಗೆ ಹೋಗಿ ಹಾಸ್ಟೆಲಿನಲ್ಲಿ ಉಳಿಯಲಾರರು, ಆದ್ದರಿಂದ ಕಾಲೇಜೇ ಊರಿಗೆ ಬರಬೇಕು ಎಂಬುದಷ್ಟೇ ಅವರ ಕಾರ್ಯತಂತ್ರವಾಗಿತ್ತು. ಅದು ಬಹಳ ಮಟ್ಟಿಗೆ ಫಲ ನೀಡಿತು.

ಜ್ಞಾನಸೃಷ್ಟಿಯ ವಿಷಯಕ್ಕೆ ಬಂದರೆ ಮಂಡ್ಯದ ಉದಾಹರಣೆ ಇನ್ನೂ ದೊಡ್ಡದು. ಪಟ್ಟಣದಿಂದ ಅನತಿ ದೂರದಲ್ಲಿರುವ ವಿ.ಸಿ. ಫಾರಂನಲ್ಲಿ ಸಿ.ಎಚ್. ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಸಂಕರಗೊಳಿಸಿ ಇಂಡಾಫ್ ತಳಿಗಳನ್ನು ರೂಪಿಸಿದರು. ಜನ ಅವರನ್ನು ‘ರಾಗಿ ಲಕ್ಷ್ಮಣಯ್ಯ’ ಎಂದೇ ಕರೆದರು. ರಾಗಿಯನ್ನು ಬಡವರ ಧಾನ್ಯವೆಂದು ವಿಜ್ಞಾನ ಲೋಕ ಕಡೆಗಣಿಸಿದ್ದ ಕಾಲದಲ್ಲಿ ಈ ಕೆಲಸ ನಡೆಯಿತು. ಹೊಲದಲ್ಲಿ ಇಳುವರಿ ಹೆಚ್ಚಿತು, ಲಕ್ಷಾಂತರ ಮನೆಗಳ ತಟ್ಟೆಗೆ ಮುದ್ದೆ ಬಂತು. ಇಂದು ವಿಶ್ವವಿದ್ಯಾಲಯಗಳ ಶ್ರೇಯಾಂಕ ಪಟ್ಟಿಗಳನ್ನು ತಯಾರಿಸುವವರ ಅಳತೆಗೋಲಿನಲ್ಲಿ ಇಂಥ ಕೆಲಸಕ್ಕೆ ಎಷ್ಟು ಅಂಕ ಸಿಗುತ್ತದೆಂಬುದು ಯೋಚಿಸಬೇಕಾದ ವಿಷಯ. ಸ್ಥಿರವಾದ ಹುದ್ದೆ, ಸ್ಥಿರವಾದ ಜಮೀನು, ದಶಕಗಟ್ಟಲೆ ಒಂದೇ ಪ್ರಶ್ನೆಯ ಬೆನ್ನು ಹತ್ತುವ ಅವಕಾಶ, ಇವು ಮೂರೂ ಒಬ್ಬ ಸಮರ್ಥನಿಗೆ ದೊರೆತಾಗ ಸಣ್ಣ ಊರಿನಲ್ಲೂ ಏನಾಗಬಲ್ಲದೆಂಬುದಕ್ಕೆ ಅದು ಸಾಕ್ಷಿ. ಅದೇ ವಿ.ಸಿ. ಫಾರಂನಲ್ಲಿ ಸಮಗ್ರ ಕೃಷಿ ವಿಶ್ವವಿದ್ಯಾಲಯವನ್ನು ಸ್ಥಾಪಿಸುವುದಾಗಿ ರಾಜ್ಯ ಸರ್ಕಾರ 2024ರ ಆಯವ್ಯಯದಲ್ಲಿ ಪ್ರಕಟಿಸಿತು. ಒಂದು ಕೈ ಮಂಡ್ಯಕ್ಕೆ ಹೊಸ ವಿಶ್ವವಿದ್ಯಾಲಯವನ್ನು ಕೊಟ್ಟರೆ ಮರುವರ್ಷ ಇನ್ನೊಂದು ಕೈ ಇರುವುದನ್ನು ಹಿಂತೆಗೆದುಕೊಳ್ಳಲು ಮುಂದಾಯಿತು. ಎರಡೂ ನಿರ್ಧಾರಗಳಿಗೆ ಪ್ರತ್ಯೇಕ ಸಮರ್ಥನೆಗಳಿರಬಹುದು. ಎರಡನ್ನೂ ಒಂದೇ ಮೇಜಿನ ಮೇಲಿಟ್ಟು ನೋಡಿದ ಲಕ್ಷಣ ಕಾಣುವುದಿಲ್ಲ.

ಮಂಡ್ಯ ವಿಶ್ವವಿದ್ಯಾಲಯದ ಕಥೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. 1948ರ ಸರ್ಕಾರಿ ಕಾಲೇಜು ಕಾಲಾಂತರದಲ್ಲಿ ಸ್ವಾಯತ್ತ ಕಾಲೇಜಾಯಿತು. 2013ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ರೂಸಾ’ ಯೋಜನೆಯಲ್ಲಿ ಸ್ವಾಯತ್ತ ಕಾಲೇಜುಗಳನ್ನು ವಿಶ್ವವಿದ್ಯಾಲಯದ ಮಟ್ಟಕ್ಕೇರಿಸುವ ಒಂದು ಅಂಗವಿತ್ತು. ಒಂದು ವಿಶ್ವವಿದ್ಯಾಲಯಕ್ಕೆ 55 ಕೋಟಿ ರೂಪಾಯಿ, ಕೇಂದ್ರ–ರಾಜ್ಯಗಳ ಪಾಲು 60:40ರ ಅನುಪಾತದಲ್ಲಿ. ಈ ದಾರಿಯಲ್ಲಿ ಮಂಡ್ಯದ ಕಾಲೇಜು ಏಕೀಕೃತ ವಿಶ್ವವಿದ್ಯಾಲಯವಾಯಿತು. ತನ್ನ ಆವರಣದಲ್ಲಿ ತಾನೇ ಪಾಠ ಹೇಳುವ, ಬೇರೆ ಕಾಲೇಜುಗಳ ಪರೀಕ್ಷೆಯ ಹೊರೆ ಹೊರದ ಸಂಸ್ಥೆ ಎಂಬುದು ಆ ಪದದ ಅರ್ಥ. ಮುಂದೆ ಸರ್ಕಾರಗಳು ಬದಲಾದಂತೆ ಅದರ ಸ್ಥಾನಮಾನದ ಬಗ್ಗೆ ಗೊಂದಲ ಬೆಳೆಯಿತು. ಅತ್ತ ಹಾಸನ, ಚಾಮರಾಜನಗರ, ಕೊಡಗು ಮೊದಲಾದ ಕಡೆಗಳಲ್ಲಿ ಇದ್ದ ಸ್ನಾತಕೋತ್ತರ ಕೇಂದ್ರಗಳಿಗೇ ವಿಶ್ವವಿದ್ಯಾಲಯದ ಫಲಕ ತೂಗುಹಾಕುವ ಕ್ರಮ ನಡೆಯಿತು. ಫಲಕ ಬದಲಾಯಿತು, ಕುಲಪತಿಗಳು ಬಂದರು; ಕಾಯಂ ಬೋಧಕರು ಬರಲಿಲ್ಲ.

ಉಪಸಮಿತಿಯ ತರ್ಕವನ್ನು ಸಾರಾಸಗಟಾಗಿ ತಳ್ಳಿಹಾಕುವಂತಿಲ್ಲ. ಹಣವಿಲ್ಲದ ವಿಶ್ವವಿದ್ಯಾಲಯ ಪದವಿಪತ್ರ ಅಚ್ಚು ಹಾಕುವ ಕಚೇರಿಯಾಗುತ್ತದೆ. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾಲಯದಂಥ ಹಿರಿಯ ಸಂಸ್ಥೆಯೇ ನಿವೃತ್ತರ ಪಿಂಚಣಿ ಹೊಂದಿಸಲು ಹೆಣಗುತ್ತಿರುವಾಗ ಹೊಸ ಕೂಸುಗಳನ್ನು ಸಾಕುವವರಾರು? ಆದರೆ ಅದೇ ಸಮಿತಿ ಬೀದರ್ ವಿಶ್ವವಿದ್ಯಾಲಯವನ್ನು ಉಳಿಸಿಕೊಳ್ಳಬಹುದೆಂದಿತು. ಅಲ್ಲಿ ಸಂಯೋಜಿತ ಕಾಲೇಜುಗಳ ಸಂಖ್ಯೆ ಹೆಚ್ಚು ಎಂಬುದು ಕಾರಣ. ಈ ಅಳತೆಗೋಲನ್ನು ಗಮನಿಸಬೇಕು. ನಮ್ಮ ವಿಶ್ವವಿದ್ಯಾಲಯಗಳು ಬದುಕುವುದು ಸಂಯೋಜನಾ ಶುಲ್ಕ ಮತ್ತು ಪರೀಕ್ಷಾ ಶುಲ್ಕದಿಂದ; ಆದ್ದರಿಂದ ಹೆಚ್ಚು ಕಾಲೇಜುಗಳಿದ್ದಷ್ಟೂ ಆದಾಯ ಹೆಚ್ಚು. 2020ರ ರಾಷ್ಟ್ರೀಯ ನೀತಿ ಹೇಳುವುದಾದರೋ 15 ವರ್ಷಗಳಲ್ಲಿ ಸಂಯೋಜನಾ ಪದ್ಧತಿಯನ್ನೇ ಕೊನೆಗಾಣಿಸಬೇಕೆಂದು. ದಿಲ್ಲಿಯ ಲೆಕ್ಕದಲ್ಲಿ ಸಂಯೋಜನೆ ರೋಗ, ಬೆಂಗಳೂರಿನ ಲೆಕ್ಕದಲ್ಲಿ ಅದೇ ಆರೋಗ್ಯದ ಗುರುತು. ರೂಸಾ ಕಲ್ಪಿಸಿದ ಏಕೀಕೃತ ವಿಶ್ವವಿದ್ಯಾಲಯಕ್ಕೆ ಕಾಲೇಜುಗಳಿಲ್ಲದಿರುವುದು ಅದರ ವಿನ್ಯಾಸ. ಶುಲ್ಕದ ಲೆಕ್ಕ ಹಾಕುವವರಿಗೆ ಅದು ನ್ಯೂನತೆ. ಈ ವಿರೋಧಾಭಾಸವನ್ನು ಬಿಡಿಸದೆ ವಿಲೀನವನ್ನಾಗಲಿ ವಿಸ್ತರಣೆಯನ್ನಾಗಲಿ ಮಾಡಿದರೆ ಐದು ವರ್ಷಗಳ ನಂತರ ಮತ್ತೊಂದು ಉಪಸಮಿತಿ ಇದೇ ಪ್ರಶ್ನೆಯ ಮುಂದೆ ಕುಳಿತಿರುತ್ತದೆ.

ವಿಶ್ವವಿದ್ಯಾಲಯದ ಅಳಿವು–ಉಳಿವಿನ ಗದ್ದಲದಲ್ಲಿ ಮರೆಯಾಗುವುದು ತಾಲ್ಲೂಕು ಕೇಂದ್ರದ ಪ್ರಥಮ ದರ್ಜೆ ಕಾಲೇಜು. ಮದ್ದೂರು, ಮಳವಳ್ಳಿಗಳ ಮಕ್ಕಳಿಗೆ ಉನ್ನತ ಶಿಕ್ಷಣವೆಂದರೆ ಅದೇ. ನಕ್ಷೆಯಲ್ಲಿ ಈ ಎರಡು ತಾಲ್ಲೂಕುಗಳು ನೆರೆಹೊರೆ, ಅವಕಾಶದಲ್ಲಿ ಹಾಗಲ್ಲ. ಮದ್ದೂರು ಬೆಂಗಳೂರು–ಮೈಸೂರು ರೈಲು ಮಾರ್ಗದ ಮೇಲಿದೆ. ಅಲ್ಲಿನ ವಿದ್ಯಾರ್ಥಿ ಬೆಳಗಿನ ರೈಲು ಹಿಡಿದರೆ ಒಂದು ಕಡೆ ಮೈಸೂರಿನ, ಇನ್ನೊಂದು ಕಡೆ ಬೆಂಗಳೂರಿನ ಕಾಲೇಜಿಗೆ ಹೋಗಿಬರಬಹುದು. ಮಳವಳ್ಳಿಗೆ ರೈಲಿಲ್ಲ. 1902ರಲ್ಲಿಯೇ ಶಿವನಸಮುದ್ರದ ವಿದ್ಯುತ್ತನ್ನು ಕೋಲಾರದ ಚಿನ್ನದ ಗಣಿಗೆ ಕಳುಹಿಸಿಕೊಟ್ಟ ತಾಲ್ಲೂಕು ಅದು. ಅಲ್ಲಿನ ಹಳ್ಳಿಯ ಹುಡುಗಿಗೆ ಮನೆಯ ಹತ್ತಿರದ ಕಾಲೇಜಿನಲ್ಲಿ ಯಾವ ವಿಷಯ ಸಿಗುತ್ತದೆಯೋ ಅದೇ ಅವಳ ಆಯ್ಕೆ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಬಸ್ಸಿನ ವೆಚ್ಚ ತಪ್ಪಿದ್ದು ದೊಡ್ಡ ಸಹಾಯವೇ ಸರಿ. ಉನ್ನತ ಶಿಕ್ಷಣ ಇಲಾಖೆಯ ಯಾವ ಯೋಜನೆಗಿಂತಲೂ ಸಾರಿಗೆ ಇಲಾಖೆಯ ಈ ಯೋಜನೆ ಹೆಣ್ಣುಮಕ್ಕಳ ಹಾಜರಾತಿಗೆ ಹೆಚ್ಚು ನೆರವಾಗಿದ್ದರೆ ಅಚ್ಚರಿಯಿಲ್ಲ. ಸಮೀಕ್ಷೆ ಇನ್ನೊಂದು ಸಂಗತಿಯನ್ನೂ ಹೇಳುತ್ತದೆ: ಕಾಲೇಜುಗಳ ಸಂಖ್ಯೆಯಲ್ಲಿ ಬೆಂಗಳೂರು ನಗರ ಜಿಲ್ಲೆ ಇಡೀ ದೇಶಕ್ಕೆ ಮೊದಲನೆಯದು, 1,106 ಕಾಲೇಜುಗಳು. ರಾಜ್ಯದ ಸರಾಸರಿ ಶೇ 36.2 ಎಂಬ ಅಂಕಿಯ ಒಳಗೆ ಈ ಮಹಾನಗರದ ಭಾರ ಎಷ್ಟಿದೆಯೆಂದು ತಿಳಿಯದೆ ಆ ಸರಾಸರಿಯನ್ನು ನಂಬುವುದು ಜಾಣತನವಲ್ಲ.

ಈ ಕಾಲೇಜುಗಳ ತರಗತಿಯಲ್ಲಿ ನಿಂತು ಪಾಠ ಹೇಳುವವರು ಬಹುಪಾಲು ಅತಿಥಿ ಉಪನ್ಯಾಸಕರು. ಹತ್ತು, ಹದಿನೈದು ವರ್ಷ ಕೆಲಸ ಮಾಡಿದವರನ್ನು ‘ಅತಿಥಿ’ ಎಂದು ಕರೆಯುವ ಪರಿಪಾಠ ನಮ್ಮ ಆಡಳಿತ ಭಾಷೆಗೆ ಮಾತ್ರ ಸಾಧ್ಯ. 2022ರ ಜನವರಿಯ ಪರಿಷ್ಕರಣೆಯಲ್ಲಿ ಯುಜಿಸಿ ಅರ್ಹತೆ ಮತ್ತು ಐದು ವರ್ಷ ಮೀರಿದ ಅನುಭವ ಉಳ್ಳವರಿಗೆ ನಿಗದಿಯಾದ ಗರಿಷ್ಠ ಗೌರವಧನ ತಿಂಗಳಿಗೆ 32 ಸಾವಿರ ರೂಪಾಯಿ. ಕಾಯಂ ಸಹಾಯಕ ಪ್ರಾಧ್ಯಾಪಕರ ಆರಂಭಿಕ ಮೂಲವೇತನವೇ 57,700. 2023ರ ನವೆಂಬರ್‌ನಿಂದ 2024ರ ಜನವರಿಯವರೆಗೆ ಇವರು ಕಾಯಮಾತಿಗಾಗಿ ಮುಷ್ಕರ ಹೂಡಿದಾಗ ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ತರಗತಿಗಳು ಬಹುಮಟ್ಟಿಗೆ ನಿಂತವು. ಸರ್ಕಾರ ಗೌರವಧನವನ್ನು ಒಂದಿಷ್ಟು ಹೆಚ್ಚಿಸಿತು. ಮೂಲ ಪ್ರಶ್ನೆ ಹಾಗೆಯೇ ಉಳಿಯಿತು.

ಹುದ್ದೆ ಏಕೆ ಭರ್ತಿಯಾಗುವುದಿಲ್ಲ ಎಂಬುದನ್ನು ಕಡತಗಳ ನಡುವೆ ಮೂರು ದಶಕ ಕಳೆದವನಾಗಿ ಹೇಳಬಲ್ಲೆ. ಇದರಲ್ಲಿ ಯಾರದೂ ದುರುದ್ದೇಶವಿರುವುದಿಲ್ಲ. ಇಲಾಖೆ ಪ್ರಸ್ತಾವ ಕಳುಹಿಸುತ್ತದೆ. ಆರ್ಥಿಕ ಇಲಾಖೆ ಕಾರ್ಯಭಾರದ ವಿವರ ಕೇಳುತ್ತದೆ. ವಿವರ ಬರುವಷ್ಟರಲ್ಲಿ ಶೈಕ್ಷಣಿಕ ವರ್ಷ ಕಳೆದು ವಿದ್ಯಾರ್ಥಿಗಳ ಸಂಖ್ಯೆ ಬದಲಾಗಿರುತ್ತದೆ. ಕಾಯಂ ಹುದ್ದೆ ಮೂವತ್ತು ವರ್ಷಗಳ ಬದ್ಧತೆ, ಅತಿಥಿ ಹುದ್ದೆ ಹತ್ತು ತಿಂಗಳ ಖರ್ಚು. ವರ್ಷದ ಲೆಕ್ಕ ಸರಿದೂಗಿಸಬೇಕಾದ ಅಧಿಕಾರಿ ಯಾವುದನ್ನು ಆರಿಸುತ್ತಾನೆ? ಮಂಜೂರಾತಿ ದೊರೆತ ಮೇಲೂ ದಾರಿ ಸುಗಮವಲ್ಲ. 1,242 ಸಹಾಯಕ ಪ್ರಾಧ್ಯಾಪಕರ ಹುದ್ದೆಗಳಿಗೆ 2021ರಲ್ಲಿ ಅಧಿಸೂಚನೆ ಹೊರಟಿತು. 2022ರ ಮಾರ್ಚ್‌ನಲ್ಲಿ ಪರೀಕ್ಷೆ ನಡೆಯಿತು. ಪ್ರಶ್ನೆಪತ್ರಿಕೆ ಸೋರಿಕೆಯ ಆರೋಪ, ತನಿಖೆ, ವ್ಯಾಜ್ಯಗಳನ್ನು ದಾಟಿ ನೇಮಕಾತಿ ಮುಗಿಯುವ ಹೊತ್ತಿಗೆ ಎರಡು ವರ್ಷ ಮೀರಿತ್ತು. ಆ ಅವಧಿಯಲ್ಲಿ ಒಂದು ಇಡೀ ತಂಡದ ವಿದ್ಯಾರ್ಥಿಗಳು ತಮ್ಮ ಪದವಿಯ ಬಹುಭಾಗವನ್ನು ಮುಗಿಸಿಬಿಟ್ಟಿದ್ದರು.

ಬೋಧಕರ ಕೊರತೆಯ ಮೇಲೆ ಪಠ್ಯಕ್ರಮದ ಗೊಂದಲವೂ ಸೇರಿಕೊಂಡಿತು. ರಾಷ್ಟ್ರೀಯ ನೀತಿಯನ್ನು ಜಾರಿಗೊಳಿಸಿದ ಮೊದಲ ರಾಜ್ಯವೆಂಬ ಹೆಮ್ಮೆಯೊಡನೆ ಕರ್ನಾಟಕ 2021ರ ಆಗಸ್ಟ್‌ನಲ್ಲಿ ನಾಲ್ಕು ವರ್ಷಗಳ ಪದವಿಯನ್ನು ಆರಂಭಿಸಿತು. 2023ರಲ್ಲಿ ಸರ್ಕಾರ ಬದಲಾಯಿತು. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ರಚನೆಯಾಯಿತು. 2024–25ರಿಂದ ಮೂರು ವರ್ಷಗಳ ಪದವಿ ಮರಳಿ ಬಂತು. ಆ ವರ್ಷ ಮದ್ದೂರಿನ ಒಂದೇ ಕಾಲೇಜಿನ ಒಂದೇ ಕಾರಿಡಾರಿನಲ್ಲಿ ಮೊದಲ ವರ್ಷದವರಿಗೆ ಒಂದು ವ್ಯವಸ್ಥೆ, ಅವರ ಅಕ್ಕ ಅಣ್ಣಂದಿರಿಗೆ ಇನ್ನೊಂದು. ಎರಡೂ ಪಠ್ಯಕ್ರಮಗಳನ್ನು ಒಬ್ಬನೇ ಅತಿಥಿ ಉಪನ್ಯಾಸಕ ನಿಭಾಯಿಸಬೇಕು. ಕನ್ನಡ ಮಾಧ್ಯಮದಲ್ಲಿ ಅರ್ಥಶಾಸ್ತ್ರವನ್ನೋ ಸಮಾಜಶಾಸ್ತ್ರವನ್ನೋ ಓದುವ ವಿದ್ಯಾರ್ಥಿಗೆ ಪುಸ್ತಕ ಸಿದ್ಧವಾಗುವಷ್ಟರಲ್ಲಿ ಪಠ್ಯವೇ ರದ್ದಾಗಿರುತ್ತದೆ. ಕುವೆಂಪು ಮೈಸೂರಿನ ಕುಲಪತಿಗಳಾಗಿದ್ದ 1956–60ರ ಅವಧಿಯಲ್ಲಿ ಕನ್ನಡ ಮಾಧ್ಯಮದ ಉನ್ನತ ಶಿಕ್ಷಣಕ್ಕೆ ಅಡಿಪಾಯ ಹಾಕಿದರು, ಪಠ್ಯಗಳನ್ನು ಬರೆಸಿದರು. ಭಾರತೀಯ ಭಾಷೆಗಳಲ್ಲಿ 22 ಸಾವಿರ ಪುಸ್ತಕಗಳನ್ನು ತರುವ ‘ಅಸ್ಮಿತಾ’ ಯೋಜನೆಯನ್ನು 2024ರಲ್ಲಿ ಯುಜಿಸಿ ಪ್ರಕಟಿಸಿತು. ಒಳ್ಳೆಯದೇ. ಯಾವ ಪಠ್ಯಕ್ರಮಕ್ಕೆ ಬರೆಯಬೇಕೆಂಬುದು ಮೂರು ವರ್ಷಗಳಿಗೊಮ್ಮೆ ಬದಲಾಗುವಾಗ ಲೇಖಕ ಬರೆಯುವುದಾದರೂ ಏನನ್ನು?

ಇದೆಲ್ಲದರ ಸಾಮಾಜಿಕ ಬೆಲೆ ಸಣ್ಣದಲ್ಲ. 2022ರ ನವೆಂಬರ್‌ನಲ್ಲಿ ಆದಿಚುಂಚನಗಿರಿಯಲ್ಲಿ ನಡೆದ ಒಕ್ಕಲಿಗ ವಧು–ವರರ ಸಮಾವೇಶಕ್ಕೆ ಸಾವಿರಾರು ವರರು ಬಂದರು. ವಧುಗಳು ಕೆಲವು ನೂರು ಮಾತ್ರ. 2023ರ ಫೆಬ್ರುವರಿಯಲ್ಲಿ ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಅವಿವಾಹಿತ ಯುವಕರು ಪಾದಯಾತ್ರೆ ಹೊರಟರು. ಪತ್ರಿಕೆಗಳಿಗೆ ಅದು ಸ್ವಾರಸ್ಯದ ಸುದ್ದಿಯಾಯಿತು. ನಗುವ ವಿಷಯ ಖಂಡಿತ ಅಲ್ಲ. ಹೆಣ್ಣು ಭ್ರೂಣಹತ್ಯೆಯ ಕರಾಳ ನೆರಳು ಇದಕ್ಕೆ ಒಂದು ಕಾರಣ. ಇನ್ನೊಂದು ಕಾರಣವಿದೆ: ಪದವಿ ಓದಿದ ಹುಡುಗಿಗೆ ತನ್ನ ಓದಿಗೆ ತಕ್ಕ ಕೆಲಸ ಊರಿನಲ್ಲಿಲ್ಲ, ಆದ್ದರಿಂದ ಊರಿನಲ್ಲಿರುವ ಗಂಡೂ ಬೇಡ. ಹುಡುಗ ಪಿಯುಸಿಗೆ ನಿಂತು ಗದ್ದೆಗೆ ಇಳಿದಿದ್ದಾನೆ, ಇಲ್ಲವೇ ಬೆಂಗಳೂರಿನಲ್ಲಿ ಬಾಡಿಗೆ ಕಾರು ಓಡಿಸುತ್ತಿದ್ದಾನೆ. ಉನ್ನತ ಶಿಕ್ಷಣ ಸ್ಥಳೀಯ ಆರ್ಥಿಕತೆಯೊಡನೆ ನಂಟು ಕಳೆದುಕೊಂಡಾಗ ಅದು ಊರನ್ನು ಬೆಳೆಸುವುದಿಲ್ಲ, ಊರಿನಿಂದ ಹೊರಹೋಗುವ ಬಾಗಿಲಷ್ಟೇ ಆಗುತ್ತದೆ. ಹೋಗುವವರ ಹಕ್ಕನ್ನು ನಾನು ಪ್ರಶ್ನಿಸುತ್ತಿಲ್ಲ. ಉಳಿಯಬಯಸುವವರಿಗೆ ಕಾರಣವೊಂದು ಇರಬೇಕಲ್ಲವೇ?

ಆರ್ಥಿಕತೆ ಇಲ್ಲಿ ಇಲ್ಲವೆಂದಲ್ಲ. ಮದ್ದೂರಿನ ಎಳನೀರು ಮಾರುಕಟ್ಟೆ ದೂರದ ರಾಜ್ಯಗಳಿಗೆ ಲಾರಿಗಟ್ಟಲೆ ಸರಕು ಕಳುಹಿಸುತ್ತದೆ. ಗೆಜ್ಜಲಗೆರೆಯಲ್ಲಿ ಜಿಲ್ಲಾ ಹಾಲು ಒಕ್ಕೂಟದ ಡೇರಿಯಿದೆ. ಮಳವಳ್ಳಿಯಲ್ಲಿ ರೇಷ್ಮೆ, ಮಂಡ್ಯದಲ್ಲಿ ಬೆಲ್ಲ. ಇವುಗಳ ಬೆಲೆ ಏರಿಳಿತ, ಸಾಗಣೆ, ಸಹಕಾರ ಸಂಘಗಳ ಲೆಕ್ಕಪರಿಶೋಧನೆ, ನಾಲೆಯ ಕೊನೆಯ ಭಾಗಕ್ಕೆ ನೀರು ಮುಟ್ಟದಿರುವ ಸಮಸ್ಯೆ, ಇವಾವುವೂ ಇಲ್ಲಿನ ಬಿ.ಕಾಂ., ಬಿ.ಎ., ಬಿ.ಎಸ್ಸಿ. ತರಗತಿಗಳ ಬಾಗಿಲು ದಾಟಿ ಒಳಬರುವುದಿಲ್ಲ. ಮಾರುಕಟ್ಟೆಯಿಂದ ಕೂಗಳತೆಯ ದೂರದಲ್ಲಿ ಕುಳಿತ ವಿದ್ಯಾರ್ಥಿ ಮಾರ್ಕೆಟಿಂಗ್ ಪಾಠವನ್ನು ಅಮೆರಿಕದ ತಂಪು ಪಾನೀಯ ಕಂಪನಿಯ ಉದಾಹರಣೆಯಿಂದ ಕಲಿಯುತ್ತಾನೆ.

ಹೊರಗಿನ ಮಾದರಿಯೇ ಬೇಕೆಂದರೆ ಕ್ಯಾಲಿಫೋರ್ನಿಯಾ ರಾಜ್ಯದ 1960ರ ಮಹಾಯೋಜನೆಯನ್ನು ನೋಡಬಹುದು. ಕ್ಲಾರ್ಕ್ ಕೆರ್ ಅವರ ಹೆಸರಿನೊಡನೆ ತಳುಕು ಹಾಕಿಕೊಂಡಿರುವ ಆ ಯೋಜನೆ ಮೂರು ಹಂತಗಳನ್ನು ಗುರುತಿಸಿತು: ಪ್ರೌಢಶಾಲೆ ಮುಗಿಸಿದವರಲ್ಲಿ ಮೇಲಿನ ಎಂಟನೇ ಒಂದು ಭಾಗಕ್ಕೆ ಸಂಶೋಧನಾ ವಿಶ್ವವಿದ್ಯಾಲಯ, ಮೂರನೇ ಒಂದು ಭಾಗಕ್ಕೆ ರಾಜ್ಯ ಕಾಲೇಜು, ಉಳಿದೆಲ್ಲರಿಗೂ ಸಮುದಾಯ ಕಾಲೇಜು. ಇದರ ಜೀವಾಳ ಶ್ರೇಣೀಕರಣವಲ್ಲ, ಶ್ರೇಣಿಗಳ ನಡುವಿನ ಏಣಿ. ಸಮುದಾಯ ಕಾಲೇಜಿನಲ್ಲಿ ಚೆನ್ನಾಗಿ ಓದಿದವನು ಬರ್ಕ್ಲಿಗೆ ವರ್ಗಾವಣೆಯಾಗಬಹುದು. ನಮ್ಮಲ್ಲಿ ಶ್ರೇಣಿಗಳಿವೆ, ಅವು ಬೇಕಾದಷ್ಟಿವೆ, ಏಣಿ ಇಲ್ಲ. ಮಳವಳ್ಳಿಯಲ್ಲಿ ಮೊದಲ ವರ್ಷ ಓದಿದ ಪ್ರತಿಭಾವಂತೆ ಎರಡನೇ ವರ್ಷಕ್ಕೆ ಮೈಸೂರಿನ ಉತ್ತಮ ವಿಜ್ಞಾನ ಕಾಲೇಜಿಗೆ ಹೋಗಬಹುದೆಂಬ ಮಾತು ಕ್ರೆಡಿಟ್ ಬ್ಯಾಂಕಿನ ನಿಯಮಾವಳಿಯಲ್ಲಿದೆ. ಆದರೆ ಅಲ್ಲಿ ಅವಳಿಗಾಗಿ ಕಾಯ್ದಿರಿಸಿದ ಸೀಟೂ ಇಲ್ಲ, ಹಾಸ್ಟೆಲಿನ ಕೋಣೆಯೂ ಇಲ್ಲ.

ಹಾಗಾದರೆ ಹಣ? ಶಿಕ್ಷಣ 1976ರ 42ನೇ ತಿದ್ದುಪಡಿಯಿಂದ ಸಮವರ್ತಿ ಪಟ್ಟಿಯಲ್ಲಿದೆ. ಉನ್ನತ ಶಿಕ್ಷಣದ ಗುಣಮಟ್ಟ ನಿರ್ಧರಿಸುವ ಅಧಿಕಾರ ಕೇಂದ್ರ ಪಟ್ಟಿಯ 66ನೇ ನಮೂದಿನಡಿ ದಿಲ್ಲಿಯದು. ಸರ್ಕಾರಿ ಕಾಲೇಜುಗಳ ಸಂಬಳದ ಪಟ್ಟಿ ಮಾತ್ರ ರಾಜ್ಯಗಳದು. 2007ರಿಂದ ಕೇಂದ್ರ ಸರ್ಕಾರ ಮಾಧ್ಯಮಿಕ ಹಾಗೂ ಉನ್ನತ ಶಿಕ್ಷಣದ ಹೆಸರಿನಲ್ಲಿ ಶೇ 1ರ ಸೆಸ್ ವಸೂಲು ಮಾಡಿತು. ಸೆಸ್ ಹಣವನ್ನು ರಾಜ್ಯಗಳೊಡನೆ ಹಂಚಿಕೊಳ್ಳಬೇಕಿಲ್ಲ. ಮೊದಲ ದಶಕದಲ್ಲಿ ಸಂಗ್ರಹವಾದ 80 ಸಾವಿರ ಕೋಟಿ ರೂಪಾಯಿಗೂ ಮೀರಿದ ಮೊತ್ತಕ್ಕೆ ಪ್ರತ್ಯೇಕ ನಿಧಿಯೇ ಇರಲಿಲ್ಲವೆಂದು ಮಹಾಲೇಖಪಾಲರು ಎತ್ತಿ ತೋರಿಸಿದರು. 2017ರಲ್ಲಿ ನಿಧಿಗೆ ಒಪ್ಪಿಗೆ ದೊರೆಯಿತು. 2018ರಲ್ಲಿ ಸೆಸ್ ಆರೋಗ್ಯದೊಡನೆ ಸೇರಿ ಶೇ 4 ಆಯಿತು. ನಿಜವಾದ ರಾಷ್ಟ್ರೀಯ ಕಾರ್ಯತಂತ್ರಕ್ಕೆ ಮನಸ್ಸಿದ್ದರೆ ಆರಂಭ ಇಲ್ಲಿಂದಲೇ ಆಗಬೇಕು. ಸೆಸ್‌ನ ಉನ್ನತ ಶಿಕ್ಷಣದ ಪಾಲು ತಾಲ್ಲೂಕು ಮಟ್ಟದ ಸರ್ಕಾರಿ ಕಾಲೇಜುಗಳ ಕಾಯಂ ಹುದ್ದೆಗಳಿಗೆ, ಕಟ್ಟಡಕ್ಕಲ್ಲ, ಹುದ್ದೆಗಳಿಗೇ, ಹತ್ತು ವರ್ಷಗಳ ಖಾತರಿಯೊಡನೆ ರಾಜ್ಯಗಳಿಗೆ ಹೋಗಬೇಕು. ಕಟ್ಟಡ ಉದ್ಘಾಟಿಸಲು ಶಾಸಕರು ಸಿಗುತ್ತಾರೆ, ಹುದ್ದೆಗೆ ಶಿಲಾನ್ಯಾಸವಿಲ್ಲ. ಪಠ್ಯಕ್ರಮ, ಪದವಿಯ ಅವಧಿಯಂಥ ವಿಷಯಗಳನ್ನು ಸರಕು ಮತ್ತು ಸೇವಾ ತೆರಿಗೆ ಮಂಡಳಿಯ ಮಾದರಿಯಲ್ಲಿ ಕೇಂದ್ರ–ರಾಜ್ಯಗಳೆರಡೂ ಮತ ಚಲಾಯಿಸುವ ಸಂಸ್ಥೆಯೊಂದು ನಿರ್ಧರಿಸಿ, ಒಮ್ಮೆ ನಿರ್ಧರಿಸಿದ್ದನ್ನು ಕನಿಷ್ಠ ಎರಡು ವಿಧಾನಸಭೆಗಳ ಅವಧಿಯವರೆಗೆ ಮುಟ್ಟದಿದ್ದರೆ ಒಳಿತು. ಸದ್ಯ ಇರುವ ಕೇಂದ್ರೀಯ ಶಿಕ್ಷಣ ಸಲಹಾ ಮಂಡಳಿ ಹೆಸರೇ ಹೇಳುವಂತೆ ಸಲಹೆ ನೀಡುತ್ತದೆ, ಅದೂ ಕರೆದಾಗ.

ಮಂಡ್ಯದ ಮಟ್ಟಿಗೆ, ವಿಲೀನ ಅಥವಾ ಉಳಿವು ಎಂಬ ಎರಡೇ ಆಯ್ಕೆಗಳಿವೆಯೆಂದು ನನಗೆ ಅನಿಸುವುದಿಲ್ಲ. 1948ರ ಕಾಲೇಜು, ವಿ.ಸಿ. ಫಾರಂ, ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಪಿಇಎಸ್, ತೂಬಿನಕೆರೆಯ ಸ್ನಾತಕೋತ್ತರ ಕೇಂದ್ರ, ಇವೆಲ್ಲ ಒಂದು ಗಂಟೆಯ ಪಯಣದೊಳಗಿವೆ. ಒಂದರ ಪ್ರಯೋಗಾಲಯವನ್ನು, ಗ್ರಂಥಾಲಯವನ್ನು ಇನ್ನೊಂದರ ವಿದ್ಯಾರ್ಥಿ ಬಳಸುವ ಒಕ್ಕೂಟವೊಂದನ್ನು ರಚಿಸಲು ಹೊಸ ಕುಲಪತಿಯ ಬಂಗಲೆ ಬೇಕಿಲ್ಲ. ಮದ್ದೂರು, ಮಳವಳ್ಳಿಗಳ ಕಾಲೇಜುಗಳು ಅದರ ಪೂರ್ಣ ಸದಸ್ಯರಾಗಿರಲಿ, ಅಧೀನ ಸಂಸ್ಥೆಗಳಾಗಿ ಅಲ್ಲ. ಇಷ್ಟನ್ನು ಮಾಡಲು ರಾಷ್ಟ್ರೀಯ ನೀತಿಯ ತಿದ್ದುಪಡಿಯೂ ಅನಗತ್ಯ.

ಥೋರಟ್ ಆಯೋಗ 2025ರ ಆಗಸ್ಟ್‌ನಲ್ಲಿ ತನ್ನ ಅಂತಿಮ ವರದಿಯನ್ನು ಮುಖ್ಯಮಂತ್ರಿಗಳಿಗೆ ಒಪ್ಪಿಸಿತು. ಸಾರ್ವಜನಿಕ ಚರ್ಚೆಯಲ್ಲಿ ಶಾಲಾ ಭಾಷಾ ನೀತಿಗೆ ಸಿಕ್ಕ ಗಮನ ಉನ್ನತ ಶಿಕ್ಷಣಕ್ಕೆ ಸಿಗಲಿಲ್ಲ. ವಿಧಾನಮಂಡಲದಲ್ಲಿ ಅದರ ಮೇಲೆ ಚರ್ಚೆ ನಡೆಯುವಾಗ ಮಂಡ್ಯ ಜಿಲ್ಲೆಯ ಶಾಸಕರು ಒಂದು ಸಣ್ಣ ಅನುಬಂಧವನ್ನು ಕೇಳಬೇಕು: ತಮ್ಮ ಕ್ಷೇತ್ರದ ಪ್ರತಿಯೊಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಮಂಜೂರಾದ ಹುದ್ದೆಗಳೆಷ್ಟು, ಕಾಯಂ ಆಗಿ ಭರ್ತಿಯಾದವೆಷ್ಟು, ಖಾಲಿ ಹುದ್ದೆ ಯಾವ ದಿನಾಂಕದಿಂದ ಖಾಲಿ, ಅದನ್ನು ತುಂಬುವ ದಿನಾಂಕ ಯಾವುದು. ನಾಲ್ಕು ಅಂಕಣಗಳ ಈ ಪಟ್ಟಿಯನ್ನು ಪ್ರತಿವರ್ಷ ಆಯವ್ಯಯ ದಾಖಲೆಗಳ ಜೊತೆ ಮಂಡಿಸುವ ಪದ್ಧತಿ ಬರಲಿ.